ಪಟ್ಟೆಸೀರೆಯ ಕಿಡಿ

ಕಡಿಯಾಳಿಯ ಯಜ್ಞನಾರಾಯಣ ಭಟ್ಟರ ಮನೆಯಲ್ಲಿ ಪಂಚಾಂಗದ ಲೆಕ್ಕ ಮಡಿಯಲ್ಲೇ ನಡೆಯಬೇಕು. ಭಟ್ಟರ ಅಜ್ಜ ಕವಡೆ ಇಟ್ಟುಕೊಂಡು ತಿಥಿ ಗುಣಿಸುತ್ತಿದ್ದ ಕಾಲದ ನಿಯಮ ಅದು. ಕವಡೆ ಹೋಗಿ ಕಾಗದ ಬಂದಾಗಲೂ ಉಳಿಯಿತು, ಎಂಬತ್ತೇಳರ ಮಳೆಗಾಲ ಕಳೆದು ಕಂಪ್ಯೂಟರ್ ಬಂದಾಗಲೂ ಉಳಿಯಿತು.

ಕಂಪ್ಯೂಟರ್ ತರಿಸಿದ್ದು ಮಗಳು ಸುಭಾಷಿಣಿಯ ಹಟ. ಬನ್ನಂಜೆಯ ಶಾಲೆಯಲ್ಲಿ ಗಣಿತ ಹೇಳುವ ಅವಳು ಅಪ್ಪಯ್ಯನ ಸೂತ್ರಗಳನ್ನೆಲ್ಲ ಕೇಳಿ ಕೇಳಿ ಪ್ರೋಗ್ರಾಂ ಬರೆದಿದ್ದಳು. ಭಟ್ಟರ ಕಣ್ಣಿಗೆ ಪೊರೆ ಬಂದು, ಹಿಂದಿನ ವರ್ಷ ಒಂದು ಏಕಾದಶಿಯೇ ತಪ್ಪಿ ಅಚ್ಚಾಗಿತ್ತು. ಪರ್ಕಳದಿಂದ ಜನ ಬಂದು, "ಭಟ್ರೇ, ಉಪವಾಸ ಯಾವತ್ತು ಮಾಡುವುದು, ನೀವೇ ಹೇಳಿ" ಎಂದು ಜಗಲಿಯಲ್ಲಿ ಕುಳಿತಿದ್ದರು. ಭಟ್ಟರು ಆ ಮಧ್ಯಾಹ್ನ ಊಟ ಮಾಡಿರಲಿಲ್ಲ. ಈ ವರ್ಷವೂ ಹಾಗಾದರೆ ಪಂಚಾಂಗ ನಿಲ್ಲಿಸುತ್ತೇನೆ ಎಂದು ಹೇಳಿಬಿಟ್ಟಿದ್ದರು.

ಈಗ ಆ ಕಂಪ್ಯೂಟರ್ ಸತ್ತಂತೆ ಕುಳಿತಿತ್ತು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಕೀಂ ಎಂದು ಕೂಗುತ್ತದೆ, ಪರದೆಯ ಮೇಲೆ ‘ಪ್ಯಾರಿಟಿ’ ತಪ್ಪಿದೆ ಎಂಬ ಒಂದು ಸಾಲು ಮೂಡಿ ಎಲ್ಲ ನಿಂತುಹೋಗುತ್ತದೆ. ಮುಂದಿನ ವರ್ಷದ ಲೆಕ್ಕವೆಲ್ಲ ಅದರ ಒಳಗೆ. ಫ್ಲಾಪಿಗೆ ಪ್ರತಿ ತೆಗೆಯುವುದನ್ನು ಸುಭಾಷಿಣಿ, ಎಲ್ಲ ಮುಗಿದ ಮೇಲೆ ಒಟ್ಟಿಗೆ ತೆಗೆದರಾಯಿತು ಎಂದು ಮುಂದೂಡಿದ್ದಳು. ಮುದ್ರಣಾಲಯದವರು ಸಂಜೆಗೆ ಬರುವವರಿದ್ದರು.

ಆದರೆ ಅವಳನ್ನು ಕಾಡುತ್ತಿದ್ದುದು ಬೇರೆ. ಹಿಂದಿನ ದಿನ ಬೆಳಿಗ್ಗೆ ಧೂಳು ಒರೆಸಲೆಂದು ಅವಳೇ ಅದರ ಮುಚ್ಚಳ ಬಿಚ್ಚಿದ್ದಳು. ಮಡಿಯೆಂದು ಅಮ್ಮನ ಹಳೆಯ ರೇಷ್ಮೆಯ ಪಟ್ಟೆಸೀರೆ ಉಟ್ಟಿದ್ದಳು. ನೂಲಿನ ಮಡಿಯಾದರೆ ದಿನಾ ಒಗೆಯಬೇಕು, ಪಟ್ಟೆಗೆ ಆ ರಗಳೆ ಇಲ್ಲ. ಕಂಪ್ಯೂಟರಿಗೆಂದೇ ಆ ಕೋಣೆಗೆ ಹಾಕಿಸಿದ್ದ ಎ.ಸಿ.ಯ ಒಣ ತಂಪಿನಲ್ಲಿ ಜಮಖಾನದ ಮೇಲೆ ಓಡಾಡಿ ತಗಡಿಗೆ ಕೈ ಇಟ್ಟಾಗ ಬೆರಳ ತುದಿಯಲ್ಲಿ ಚಟ್ ಎಂದು ಕಿಡಿ ಹಾರಿತ್ತು. ಅಷ್ಟಾದ ಮೇಲೂ ಅವಳು ಪಟ್ಟೆಯ ಸೆರಗಿನಿಂದಲೇ ಒಳಗಿನ ಬೋರ್ಡಿನ ಅಂಚು ಒರೆಸಿದ್ದಳು. ರೇಷ್ಮೆ ತಿಕ್ಕಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಕಾಲೇಜಿನಲ್ಲಿ ಗಾಜಿನ ಕಡ್ಡಿ ತಿಕ್ಕಿ ಕಲಿತವಳು ತಾನೇ ಎಂಬುದು ಈಗ ನೆನಪಾಗಿ ನಾಚಿಕೆಯಾಗುತ್ತಿತ್ತು.

ಮಣಿಪಾಲದ ರಿಪೇರಿ ಅಂಗಡಿಯಿಂದ ವಲೇರಿಯನ್ ಬಂದ. ಕಾಪುವಿನವನು, ಮಾತುಗಾರ. ಚಪ್ಪಲಿ ಬಿಟ್ಟು ಕಾಲು ತೊಳೆದು ಬಾಗಿಲಲ್ಲಿ ನಿಂತ.

"ಒಳಗೆ ಬರಬಹುದಾ ಭಟ್ರೇ? ನಿಮ್ಮ ಮಡಿಗೆ ತೊಂದರೆ ಇಲ್ಲ ಅಲ್ವಾ?"

"ವೈದ್ಯರಿಗೆ ಎಂತ ಮಡಿ ಮಾರಾಯ, ಬಾ" ಎಂದರು ಭಟ್ಟರು.

ವಲೇರಿಯನ್ ಮೊದಲು ಗೋಡೆಯ ಪ್ಲಗ್ ಕಿತ್ತ. ವಾಚು ಬಿಚ್ಚಿದ, ಉಂಗುರ ಬಿಚ್ಚಿ ಜೇಬಿಗೆ ಹಾಕಿದ. ಚೀಲದಿಂದ ಒಂದು ಪಟ್ಟಿ ತೆಗೆದು ಮುಂಗೈಗೆ ಕಟ್ಟಿ, ಅದರ ವಯರಿನ ತುದಿಯ ಕ್ಲಿಪ್ಪನ್ನು ಕಂಪ್ಯೂಟರಿನ ತಗಡಿಗೆ ಸಿಕ್ಕಿಸಿದ.

"ಅದೆಂತ, ಕಂಕಣವಾ?" ಭಟ್ಟರು ಕಣ್ಣು ಕಿರಿದು ಮಾಡಿ ಬಗ್ಗಿದರು.

"ಹೌದು ಭಟ್ರೇ. ಮೈಯಲ್ಲಿರುವ ಕರೆಂಟು ಇದರಲ್ಲೇ ಇಳಿದು ಹೋಗಬೇಕು, ಚಿಪ್ಪಿನ ಮೇಲೆ ಹಾರಬಾರದು. ಈಗ ನಾನು ಮಡಿಯಲ್ಲಿದ್ದೇನೆ. ನೀವು ನನ್ನನ್ನು ಮುಟ್ಟಬೇಡಿ!"

ಭಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಕೇಳಿದೆಯಾ ಮಗಾ? ಕಾಪುವಿನ ಕ್ರಿಶ್ಚಿಯನ್ ಪೊರ್ಬು ನನ್ನ ಮನೆಯಲ್ಲಿ ನನ್ನನ್ನೇ ದೂರ ನಿಲ್ಲಿಸಿದ." ಆದರೂ ನಿಜವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಸುಭಾಷಿಣಿಗೆ ನಗು ಬರಲಿಲ್ಲ. "ವಲೇರಿಯನ್, ನಿನ್ನೆ ಮುಚ್ಚಳ ಬಿಚ್ಚಿದ್ದು ನಾನು" ಎಂದಳು. "ಪಟ್ಟೆ ಉಟ್ಟುಕೊಂಡಿದ್ದೆ. ಸೆರಗಿನಲ್ಲೇ ಒರೆಸಿದೆ. ಕಿಡಿಯೂ ಹಾರಿತು."

ವಲೇರಿಯನ್ ತಲೆಯೆತ್ತಿದ. "ಯಬ್ಬಾ ಟೀಚರ್! ಪಟ್ಟೆಯಾ? ಮದುವೆಗೆ ಹೊರಟದ್ದಾ ನೀವು?"

"ತಮಾಷೆ ಬೇಡ ಮಾರಾಯ. ಸತ್ತಿದೆಯಾ ಹೇಳು."

"ಒರೆಸುವಾಗ ಪ್ಲಗ್ ಎಲ್ಲಿತ್ತು?"

"ಗೋಡೆಯಲ್ಲೇ ಇತ್ತು. ಸ್ವಿಚ್ ಮಾತ್ರ ತೆಗೆದಿದ್ದೆ."

"ಅದು ದೊಡ್ಡ ತಪ್ಪು" ಎಂದ ಅವನು; ಈಗ ಸ್ವರದಲ್ಲಿ ತಮಾಷೆ ಇರಲಿಲ್ಲ. ಮೂಲೆಯಲ್ಲಿದ್ದ ಚೌಕದ ತಗಡಿನ ಡಬ್ಬಿ ತೋರಿಸಿದ. "ಇದು ಪವರ್ ಸಪ್ಲೈ. ಬೋರ್ಡಿನ ಚಿಪ್ಪು ಸತ್ತರೆ ಬೇರೆ ಹಾಕಬಹುದು. ಇದರೊಳಗೆ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ಕರೆಂಟು ನಿಂತಿರುತ್ತದೆ. ಇದನ್ನು ನಾನೇ ಬಿಚ್ಚುವುದಿಲ್ಲ. ನೀವು ಯಾವತ್ತೂ ಬಿಚ್ಚಬೇಡಿ."

ಭಟ್ಟರು ಮಗಳ ಮುಖ ನೋಡಿದರು. ಪಂಚಾಂಗದ ಚಿಂತೆ ಆ ಕ್ಷಣ ಅವರ ಮುಖದಿಂದ ಪೂರ್ತಿ ಹೋಗಿತ್ತು. "ನಿನಗೆ ಎಂತದಾದರೂ ಆಗಿದ್ದರೆ?" ಎಂದರು, ಮೆಲ್ಲಗೆ.

ಬೋರ್ಡಿನ ಒಂದು ಬದಿಯಲ್ಲಿ ಮೆಮೊರಿ ಚಿಪ್ಪುಗಳು ಸಾಲಾಗಿ, ಕಾಲುಗಳನ್ನು ಸಾಕೆಟ್ಟಿಗೆ ಊರಿ ಕುಳಿತಿದ್ದವು. ಎಂಟು ಚಿಪ್ಪು ಹೇಳಿದ್ದು ಸರಿಯೇ ಎಂದು ನೋಡಲು ಒಂಬತ್ತನೆಯದೊಂದು ಸಾಕ್ಷಿ. ಸಾಕ್ಷಿ ಹೊಂದದಿದ್ದರೆ ಪ್ಯಾರಿಟಿ ತಪ್ಪಿತೆಂದು ಯಂತ್ರ ಅಲ್ಲೇ ನಿಲ್ಲುತ್ತದೆ ಎಂದು ವಲೇರಿಯನ್ ವಿವರಿಸಿದ.

"ತಪ್ಪು ತಿಥಿ ಹೇಳುವುದಕ್ಕಿಂತ ನಿಲ್ಲುವುದೇ ಒಳ್ಳೆಯದು" ಎಂದರು ಭಟ್ಟರು. "ಮರ್ಯಾದಸ್ಥ ಯಂತ್ರ."

ವಲೇರಿಯನ್ ಬಳಿ ಬದಲಿ ಚಿಪ್ಪುಗಳು ಇದ್ದುದೇ ಒಂದೆರಡು. ಹೆಚ್ಚು ಸತ್ತಿದ್ದರೆ ಬೆಂಗಳೂರಿನಿಂದ ಬರಬೇಕು. ಯಾವುದರಿಂದ ಶುರು ಮಾಡಲಿ ಎಂದು ಅವನು ಟಾರ್ಚಿನ ಬೆಳಕು ಹಾಯಿಸಿ ಯೋಚಿಸುತ್ತಿದ್ದಾಗ, ಕೈಕಟ್ಟಿ ದೂರದಲ್ಲೇ ನಿಂತು ನೋಡುತ್ತಿದ್ದ ಸುಭಾಷಿಣಿ, "ಆ ಸಾಲು ಮಟ್ಟವಾಗಿಲ್ಲ" ಎಂದಳು. "ಕೊನೆಯದು ಒಂದು ಬದಿ ಎದ್ದಿದೆ. ಅದರ ಪಕ್ಕದ್ದೂ ಸ್ವಲ್ಪ."

ಟಾರ್ಚಿನ ಬೆಳಕು ಅಡ್ಡ ಬಿದ್ದಾಗ ನೆರಳು ಸ್ಪಷ್ಟವಾಯಿತು. ಒಂದು ಕಾಲು ಸಾಕೆಟ್ಟಿನಿಂದ ಅರ್ಧ ಹೊರಗೆ ಬಂದಿತ್ತು.

"ಅಪ್ಪಯ್ಯ, ಎ.ಸಿ. ಯಾವಾಗ ಹಾಕುತ್ತೀರಿ, ಯಾವಾಗ ತೆಗೆಯುತ್ತೀರಿ?"

"ಹಾಕುತ್ತೇನೆ, ಚಳಿಯಾದರೆ ತೆಗೆಯುತ್ತೇನೆ, ಸೆಕೆಯಾದರೆ ಮತ್ತೆ ಹಾಕುತ್ತೇನೆ. ನೂಲಿನ ಪಂಚೆಯಲ್ಲಿ ಎಷ್ಟು ಹೊತ್ತು ನಡುಗುವುದು?"

"ಹಾಗಾದರೆ ಅದೇ!" ಅವಳ ಸ್ವರ ಏರಿತು. "ಚಿಪ್ಪಿನ ಕಾಲು ಬಿಸಿಯಾದರೆ ಹಿಗ್ಗುತ್ತದೆ, ತಂಪಾದರೆ ಕುಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗಿ, ಕೂದಲೆಳೆಯಷ್ಟೇ ಮೇಲೆ ಬರುತ್ತಾ ಬಂದಿದೆ."

"ಸರಿ ಟೀಚರ್. ಚಿಪ್ಪು ತೆವಳುವುದು ಅಂತ ಹೇಳುತ್ತೇವೆ" ಎಂದ ವಲೇರಿಯನ್. ಪಟ್ಟಿ ಬಿಚ್ಚಿ ಅವಳತ್ತ ಚಾಚಿದ. "ಕಂಡುಹಿಡಿದವರೇ ಒತ್ತಿ. ಬಳೆ ತೆಗೆಯಿರಿ, ಕಂಕಣ ಕಟ್ಟಿ. ಅಂಚಿನಲ್ಲಿ ಹಿಡಿದು, ಎರಡೂ ಬದಿ ಒಂದೇ ಸಮ. ಬೋರ್ಡು ಬಗ್ಗದ ಹಾಗೆ, ಸೊಂಟ ನೋಯುತ್ತಿರುವ ಅಜ್ಜಿಯ ಬೆನ್ನು ಒತ್ತಿದ ಹಾಗೆ."

ಅವಳು ಒತ್ತಿದಳು. ಚಿಪ್ಪು ಕಟ್ಟೆಂದು ಸಣ್ಣ ಸದ್ದು ಮಾಡಿ ಒಳಗೆ ಕುಳಿತಿತು. ಪಕ್ಕದ್ದೂ ಕುಳಿತಿತು. ಒಂದೊಂದಾಗಿ ಸಾಲಿಡೀ ಒತ್ತಿದಳು. ಪಟ್ಟಿ ಬಿಚ್ಚಿ, ಒಳಗೆ ಸ್ಕ್ರೂ ಏನೂ ಬಿದ್ದಿಲ್ಲವೆಂದು ನೋಡಿ, ಮುಚ್ಚಳ ಹಾಕಿದ ಮೇಲಷ್ಟೇ ವಲೇರಿಯನ್ ಪ್ಲಗ್ ಸಿಕ್ಕಿಸಿದ.

ಫ್ಯಾನ್ ತಿರುಗಿತು. ಮೆಮೊರಿಯ ಅಂಕಿಗಳು ಏರತೊಡಗಿದವು. ನಿನ್ನೆ ನಿಂತ ಜಾಗ ಬಂತು. ಸುಭಾಷಿಣಿ ಉಸಿರು ಹಿಡಿದಳು. ಅಂಕಿ ಅದನ್ನು ದಾಟಿ ಮುಂದೆ ಹೋಯಿತು. ಹಾರ್ಡ್ ಡಿಸ್ಕ್ ಕುಟಕುಟ ಎಂದಿತು. ಚೈತ್ರದ ಮೊದಲ ಸಾಲು ಪರದೆಯ ಮೇಲೆ ಹಸಿರಾಗಿ ಮೂಡಿತು.

"ಮತ್ತೆ ನನ್ನ ಕಿಡಿ?" ಎಂದಳು.

"ಮೊದಲು ತಗಡು ಮುಟ್ಟಿದಿರಲ್ಲ, ಅಲ್ಲೇ ಇಳಿದು ಹೋಯಿತು. ನಿಮ್ಮ ಅದೃಷ್ಟ. ಇನ್ನೊಮ್ಮೆ ಪರೀಕ್ಷೆ ಮಾಡಬೇಡಿ."

"ಹಾಗಾದರೆ ತಪ್ಪು ನನ್ನದೇ ಆಯಿತಲ್ಲ" ಎಂದರು ಭಟ್ಟರು, ಯಾಕೋ ಸಂತೋಷದಿಂದ. "ನನ್ನ ಚಳಿಯದ್ದು. ಓದು ಮಗಾ, ಏಕಾದಶಿಗಳನ್ನು ಮೊದಲು ಓದು."

"ಇಲ್ಲ ಅಪ್ಪಯ್ಯ. ಮೊದಲು ಪ್ರತಿ."

ಅವಳು ಫ್ಲಾಪಿ ತೂರಿಸಿ ಆಜ್ಞೆ ಕೊಟ್ಟಳು. ಡ್ರೈವಿನ ಕೆಂಪು ದೀಪ ಹತ್ತಿ, ಒಳಗೆ ಗರಗರ ಶುರುವಾಯಿತು. ಕುರ್ಚಿಯಲ್ಲಿ ಒರಗಿ ಕುಳಿತಾಗ ತನಗೆ ವಿಪರೀತ ಹಸಿವಾಗಿದೆ ಎಂದು ಅವಳಿಗೆ ಗೊತ್ತಾಯಿತು. ಒಳಗಿನಿಂದ ಕಾವಲಿಯ ಮೇಲೆ ನೀರುದೋಸೆ ಹೊಯ್ಯುವ ಸದ್ದು ಕೇಳುತ್ತಿತ್ತು.

"ಅಮ್ಮಾ, ನನಗೂ ಹಾಕು" ಎಂದು ಕೂಗಿದಳು. "ವಲೇರಿಯನ್ ಕೂಡ ತಿನ್ನುತ್ತಾನೆ."