ಅಡ್ಡಪಟ್ಟಿ ಇಲ್ಲದ ಸ್ಟೂಲು

ಮೂರನೇ ತರಗತಿಗೆ ಕಂಪ್ಯೂಟರ್ ಕಲಿಸುವ ಟೀಚರದ್ದು ಒಂದೇ ಹಟ. ಪ್ರೆಸೆಂಟೇಶನ್ ಮಾಡಲು ಕೂತ ಮಗು ಅದು ಯಾರಿಗಾಗಿ ಎಂದು ಮೊದಲು ಹೇಳಬೇಕು. "ಎಲ್ಲರಿಗೂ" ಎಂದರೆ ಮೌಸ್ ಮುಟ್ಟುವಂತಿಲ್ಲ. ಒಬ್ಬರೇ ಒಬ್ಬರು ಇರಬೇಕು, ಅವರು ಪ್ರದರ್ಶನದ ದಿನ ಎದುರಿಗೆ ಬಂದು ಕೂರಬೇಕು.

"ನಮ್ಮ ತಾತನಿಗೆ," ಎಂದಳು ಪಟಾಕಿ. ಬಾಯಿ ತೆರೆದರೆ ನಿಲ್ಲಿಸದ ಹುಡುಗಿಗೆ ಇಡೀ ಶಾಲೆ ಇಟ್ಟ ಹೆಸರದು. "ಆದ್ರೆ ತಾತ ನಿದ್ದೆ ಹೋಗ್ಬಿಡ್ತಾರೆ ಟೀಚರ್. ಅಪ್ಪನ ಮದುವೇಲೂ ಗೊರಕೆ ಹೊಡೆದಿದ್ರಂತೆ. ನಂದು ಮುಗಿಯೋವರೆಗಾದ್ರೂ ಎಚ್ಚರ ಇರ್ಬೇಕು, ಅಷ್ಟೇ."

ತಾತ ಬಡಗಿ. ಅವರು ಸ್ಟೂಲು ಮಾಡುವ ಬಗೆಯೇ ಅವಳ ವಿಷಯ. ಪಟಾಕಿ ಸುಮ್ಮನಿರುವ ಪೈಕಿಯೇ? ಗುಡುಗಿನ ಸದ್ದು ಹಾಕಿದಳು, ಅಕ್ಷರಗಳನ್ನು ಗಿರಗಿರನೆ ತಿರುಗಿಸಿದಳು, ಪರದೆ ತುಂಬ ಕೆಂಪು ನಕ್ಷತ್ರ ಉದುರಿಸಿದಳು. ಟೀಚರ್ ಬಯ್ಯಲಿಲ್ಲ. ಪಕ್ಕದ ಕೋಣೆಯಿಂದ ಒಂದನೇ ತರಗತಿಯ ಪುಟಾಣಿಯೊಂದನ್ನು ಕರೆಸಿ ತೋರಿಸಿದರು. ಅದು ಕಿವಿ ಮುಚ್ಚಿಕೊಂಡು "ಅಮ್ಮ ಬೇಕು" ಎಂದು ಅಳತೊಡಗಿತು.

"ಮನೇಲಿ ನೋಡ್ಕೊಂಡು ಬಾ," ಎಂದರು ಟೀಚರ್. "ತಾತನ ನಿದ್ದೆ ತಾನಾಗೇ ಹಾರಿಹೋಗೋದು ಯಾವಾಗ ಅಂತ."

ಗುಡುಗು ಹೋಯಿತು, ನಕ್ಷತ್ರಗಳೂ ಹೋದವು. ಅವುಗಳ ಜಾಗಕ್ಕೆ ತಾತನ ಒರಟು ಅಂಗೈಯ ಫೋಟೊ ಬಂತು, ಅಪ್ಪನ ಮೊಬೈಲಿನಲ್ಲಿ ಹಿಡಿದ ಗರಗಸದ ಸದ್ದು ಬಂತು. ಕೊನೆಯ ಪುಟವನ್ನು ಮಾತ್ರ ಅವಳು ತೋರಿಸಲಿಲ್ಲ. "ಅವತ್ತೇ ನೋಡಿ ಟೀಚರ್," ಎಂದಳು.

ಪ್ರದರ್ಶನದ ದಿನ ತಾತ ಮುಂದಿನ ಸಾಲಿನಲ್ಲಿ ಕೂತರು. ಪಟಾಕಿಯ ಸರದಿ ಬರುವಷ್ಟರಲ್ಲಿ ಅವರ ಗದ್ದ ಎದೆಗೆ ತಾಗಿತ್ತು. ಗರಗಸದ ಸದ್ದು ಕೇಳಿ ಕಣ್ಣು ಬಿಟ್ಟರು. ತಮ್ಮದೇ ಅಂಗೈ ಕಂಡು ನಕ್ಕರು. ಆಮೇಲೆ ಮತ್ತೆ ರೆಪ್ಪೆ ಭಾರವಾಯಿತು.

ಕೊನೆಯ ಪುಟ ಬಂತು. ಪಟಾಕಿಯೇ ಬರೆದ ಸ್ಟೂಲಿನ ಚಿತ್ರ. ನಾಲ್ಕು ಕಾಲು, ಮೇಲೊಂದು ಹಲಗೆ. ಕಾಲುಗಳನ್ನು ಹಿಡಿದಿಡುವ ಅಡ್ಡಪಟ್ಟಿಯೇ ಇಲ್ಲ! ಇಷ್ಟು ಚೆನ್ನಾಗಿ ಮಾಡಿ ಕಡೇ ಗಳಿಗೆಯಲ್ಲಿ ಎಡವಿದಳಲ್ಲ ಎಂದು ಟೀಚರ್ ಹಣೆ ಚಚ್ಚಿಕೊಂಡರು.

"ಸ್ಟೂಲು ರೆಡಿ. ಯಾರು ಬೇಕಾದ್ರೂ ಕೂತ್ಕೋಬಹುದು," ಎಂದಳು ಪಟಾಕಿ, ತಾತನನ್ನೇ ನೋಡುತ್ತ.

"ಯಾರೂ ಕೂರ್ಬೇಡಿ!" ತಾತ ಎದ್ದು ನಿಂತಿದ್ದರು. "ಅಡ್ಡಪಟ್ಟಿ ಎಲ್ಲಿದ್ಯಮ್ಮ? ಕಾಲು ಅಗಲ ಆಗಿ, ಬಿದ್ದು ಸೊಂಟ ಮುರ್ಕೋತಾರೆ!"

"ಹೌದಾ ತಾತ? ಹಾಗಾದ್ರೆ ಎಲ್ಲೆಲ್ಲಿ ಹಾಕ್ಬೇಕು, ಬಂದು ಹೇಳು." ಮೈಕು ಅವರ ಕೈಗೆ ಬಂತು.

ತಾತ ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತ ಹೋದರು. ಅವರು ತೋರಿಸಿದಲ್ಲೆಲ್ಲ ಪಟಾಕಿ ಗುಂಡಿ ಒತ್ತಿದಳು, ಅಡ್ಡಪಟ್ಟಿಗಳು ಒಂದೊಂದಾಗಿ ಬಂದು ಕೂತವು. ಎಲ್ಲ ಮೊದಲೇ ಮಾಡಿಟ್ಟದ್ದು! ಸಭೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿತ್ತು. ಟೀಚರ್ ಹೆಮ್ಮೆಯಿಂದ ನೋಡುತ್ತ ನಿಂತರು. ನೋಡುವವರಿಗೂ ಒಂದಿಷ್ಟು ಕೆಲಸ ಉಳಿಸಬೇಕು ಎನ್ನುವುದನ್ನು ಅವರು ಈ ಮಗುವಿಗೆ ಕಲಿಸಿರಲೇ ಇಲ್ಲ.

"ಬೇಕಂತಲೇ ಬಿಟ್ಟಿದ್ಯಾ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

"ಮತ್ತೆ? ಯಾರಾದ್ರೂ ಕೆಲಸ ತಪ್ಪು ಮಾಡಿದ್ರೆ ತಾತನಿಗೆ ನಿದ್ದೇನೇ ಬರಲ್ಲ."

ಅಷ್ಟರಲ್ಲಿ, ತಾತ ಮರಳಿ ಹೋಗಿ ಕೂತಿದ್ದ ಮುಂದಿನ ಸಾಲಿನಿಂದ ಗೊರಕೆ ಕೇಳಿಸಿತು. ಟೀಚರ್ ಅತ್ತ ಹೊರಟರೆ ಪಟಾಕಿ ಅವರ ಕೈ ಹಿಡಿದು ತಡೆದಳು.

"ಮಲಗ್ಲಿ ಬಿಡಿ ಟೀಚರ್. ನಂದು ಮುಗೀತಲ್ಲ."