ಹಿಂದೆ ಸರಿಯುತ್ತಾ ಮುಂಬಾಗಿಲಿಗೆ

"ಏ ಮುದಿಗೂಬೆ, ಮುಂಬಾಗಿಲು ನಿಮ್ಮಪ್ಪ ಕಟ್ಟಿಸಿದ್ನೇನೆ?"

ಪುರಭವನದ ಮ್ಯಾನೇಜರು ಬೊಗಳಿದಾಗ, ಸೊಸೆಯ ಜೊತೆ ನೆಲ ಒರೆಸಲು ಬಂದಿದ್ದ ಅತ್ತೆ ಬಟ್ಟೆ ಹಿಂಡುತ್ತಲೇ ನಕ್ಕಳು. "ಕಟ್ಟಿಸ್ದೋರು ಯಾರೋ ಸಾರ್. ಗಾರೆ ಹೊತ್ತೋಳು ನಮ್ಮಜ್ಜಿ."

"ಕೂಲಿ ತಗೊಂಡ್ಳಲ್ಲ, ಮುಗೀತು. ಹಿಂದಿನ ಬಾಗಿಲಿಂದ ಬಂದೋರು ಹಂಗೇ ತೊಲಗ್ಬೇಕು. ಒದ್ದೆ ನೆಲದ ಮೇಲೆ ಒಂದು ಹೆಜ್ಜೆ ಮೂಡ್ಲಿ, ಚರ್ಮ ಸುಲೀತೀನಿ!"

ಅವನು ಮುಂಬಾಗಿಲಿಂದ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಪುರಭವನಕ್ಕೆ ಅಂದು ನೂರು ವರ್ಷ ತುಂಬಿ, ಮುಂಬಾಗಿಲ ಹೊರಗೆ ಅತಿಥಿಗಳ ಸ್ವಾಗತಕ್ಕೆ ಸಿದ್ಧತೆ ನಡೆದಿತ್ತು. ಅತ್ತೆಯ ಕೆಲಸಕ್ಕೆ ಕೊನೆಯ ದಿನ. ದೊರೆಗಳು ಕುಣಿದ ಸಭಾಂಗಣ ಆಮೇಲೆ ಕೋರ್ಟಾಯಿತು, ಅಕ್ಕಿ ಮೂಟೆಯ ಗೋದಾಮಾಯಿತು, ಈಗ ಮದುವೆಗೂ ಭಾಷಣಕ್ಕೂ ಬಾಡಿಗೆಗೆ ಸಿಗುತ್ತದೆ. ಎಲ್ಲ ಕಾಲಕ್ಕೂ ಅತ್ತೆಯ ಮನೆಯವರಿಗೆ ಹಿಂದುಗಡೆ ಕಕ್ಕಸಿನ ಪಕ್ಕದ ಕಿರುಬಾಗಿಲೇ ಗತಿ. ಒಂದೇ ಒಂದು ಸಲ ಮುಂದಿನ ಮೆಟ್ಟಿಲಿಳಿದು ಮನೆಗೆ ಹೋಗಬೇಕೆಂಬುದು ಅವಳ ಆಸೆ.

"ಹೋಗ್ಲಿ ಬಿಡೇ," ಎಂದಳು ಸೊಸೆಗೆ. "ನಾಳೆ ನೀನಿಲ್ಲೇ ಅನ್ನ ಹುಟ್ಟಿಸ್ಕೋಬೇಕು."

ಒರೆಸುವವರು ಹೆಜ್ಜೆ ಮೂಡದಂತೆ ಹಿಂದಕ್ಕೆ ಸರಿಯುತ್ತಾ ಒರೆಸಬೇಕು. ಮುಂಬಾಗಿಲಲ್ಲಿ ಶುರು, ಕಿರುಬಾಗಿಲಲ್ಲಿ ಮುಕ್ತಾಯ. ಸೊಸೆ ಬಕೆಟ್ಟು, ಒರೆಸುವ ಕೋಲು ಹಿಡಿದು ಮುಂಬಾಗಿಲ ಕಡೆ ಹೊರಟವಳು ನಡುವೆ ನಿಂತಳು. ತಿರುಗಿ ಬಂದು ಬಕೆಟ್ಟನ್ನು ಕಿರುಬಾಗಿಲ ಬಳಿ ಕುಕ್ಕಿದಳು.

"ಇವತ್ತು ಇಲ್ಲಿಂದ ಶುರು ಮಾಡಾಣ ಅತ್ತೆ."

ಅತ್ತೆ ಕಣ್ಣರಳಿಸಿದಳು. "ಅಯ್ಯೋ ಕಳ್ಳಿ! ಬಾಯಿಗೆ ಬೆರಳಿಟ್ರೂ ಕಚ್ಚಲ್ಲ ಅಂದ್ಕೊಂಡಿದ್ನಲ್ಲೇ ನಿನ್ನ!"

ಇಬ್ಬರೂ ಸೊಂಟ ಬಗ್ಗಿಸಿದರು. ಒರೆಸುತ್ತಾ, ಸರಿಯುತ್ತಾ, ಕಿಸಿಕಿಸಿ ನಗುತ್ತಾ ಹೋದರು. ಹೊರಗೆ ಮ್ಯಾನೇಜರು ಬ್ಯಾಂಡಿನವರಿಗೆ ತಾಕೀತು ಮಾಡುತ್ತಿದ್ದ: "ಬಾಗಿಲು ತೆಗೆದ ಕೂಡ್ಲೇ ಬಾರಿಸ್ಬೇಕು, ಗೊತ್ತಾಯ್ತಾ?"

ಅತ್ತೆಯ ಹಿಂಭಾಗ ತಗುಲಿ ಮುಂಬಾಗಿಲು ತೆರೆಯಿತು. ಬ್ಯಾಂಡು ಮೊಳಗಿತು. ಹಾರ ಹಿಡಿದು ನಿಂತವರ ಮುಂದೆ, ಕೆಂಪು ಹಾಸಿನ ಮೇಲೆ, ಎರಡು ಅಂಡುಗಳು ಹಿಂದುಹಿಂದಾಗಿ ದಯಮಾಡಿಸಿದವು.

"ಲೇ ಮುಂಡೇರಾ! ಒಳಗ್ ಹೋಗ್ರೇ! ಹಿಂದಿನ್ ಬಾಗಿಲಿಗೆ!"

"ಹೆಂಗ್ ಹೋಗಾದು ಸಾರ್?" ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡಳು. "ನೆಲ ಹಸಿ ಐತೆ. ಹೆಜ್ಜೆ ಮೂಡಿದ್ರೆ ಚರ್ಮ ಹೋಗುತ್ತೆ."

ಸೆರಗು ಕೊಡವಿ, ಮೆಟ್ಟಿಲ ನಟ್ಟನಡುವೆ ಮದುವಣಗಿತ್ತಿಯಂತೆ ಇಳಿಯತೊಡಗಿದಳು. ಡೋಲಿನವನು ಕಣ್ಣು ಹೊಡೆದು ಇನ್ನಷ್ಟು ಜೋರಾಗಿ ಬಡಿದ.

ಮುಖ್ಯ ಅತಿಥಿ ಒಳಗಿಡಲೆಂದು ಬೂಟುಗಾಲು ಎತ್ತಿದರು. ಇದುವರೆಗೆ ಯಾರೆದುರೂ ದನಿ ಎತ್ತದ ಸೊಸೆ ಒರೆಸುವ ಕೋಲನ್ನು ಹೊಸ್ತಿಲಿಗೆ ಅಡ್ಡ ಹಿಡಿದಳು.

"ಒಣಗ್ಲಿ. ಅಲ್ಲೀವರ್ಗೂ ಯಾರೂ ಕಾಲಿಡಂಗಿಲ್ಲ."

ಎತ್ತಿದ ಬೂಟು ಬಿಸಿಲಲ್ಲಿ ಹಾಗೇ ನಿಂತಿತು.