ಚಿಗುರಿದ ಕಂಬಗಳು

ಮಿಡಿಗೇಶಿ ಬಸ್ ನಿಲ್ದಾಣದ ಪಕ್ಕ ಓಬಳಮ್ಮ ಟೀ ಅಂಗಡಿ ಹಾಕಿದ್ದು ಪಂಚಾಯಿತಿಯ ತಾತ್ಕಾಲಿಕ ಅನುಮತಿಯ ಮೇಲೆ. ಅವಧಿ ಮುಗಿದರೆ ಕಂಬ ಕಿತ್ತು ಜಾಗ ಬಿಡಬೇಕು. ಅವಳು ಬಸರಿ ಮರದ ಹಸಿ ಕೊಂಬೆಗಳನ್ನೇ ಕಂಬವಾಗಿ ನೆಟ್ಟು ಟಾರ್ಪಾಲು ಕಟ್ಟಿದ್ದಳು. ಲೋಟ ತೊಳೆದ ನೀರು ಕುಡಿದು ಕುಡಿದು, ಮೂರು ವರ್ಷದಲ್ಲಿ ಕಂಬಗಳು ಮರವಾದವು.

ಅವಧಿ ಮುಗಿಯಿತು. ಅಧಿಕಾರಿ ಪ್ರಭುದೇವ್ ಬಂದರು.

"ಕಂಬ ಕೀಳಮ್ಮ."

"ಕಂಬ ಎಲ್ಲೈತೆ ಸಾಮಿ? ಹಸಿ ಮರ ಕೀಳಕ್ಕೆ ಫಾರೆಸ್ಟ್‌ನೋರ್ ಪರ್ಮಿಷನ್ ಬೇಕೂಂತ ಗ್ರಾಮಸಭೇಲಿ ನೀವೇ ಹೇಳ್ಬುಟ್ರಲ್ಲ!"

ಬಸ್ಸಿಗೆ ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು.

"ಟಾರ್ಪಾಲಾದ್ರೂ ಬಿಚ್ಚು!"

ಬಿಚ್ಚಿದಳು. ನೆರಳು ಅಲ್ಲೇ ಇತ್ತು. ಪ್ರಭುದೇವ್ ಬೆವರು ಒರೆಸಿಕೊಂಡು ಅದರಲ್ಲೇ ಕುಳಿತರು.

"ಈಗ ಅಂಗ್ಡೀನೇ ಇಲ್ಲ ಸಾಮಿ. ಮರದ ಕೆಳಗೆ ಟೀ ಕಾಸಕ್ಕೆ ಯಾವ ಪರ್ಮಿಷನ್ನು? ಸಕ್ಕರೆ ಕಮ್ಮಿ ಹಾಕ್ಲಾ?"

"ಹಾಕು," ಎಂದರು ಅಧಿಕಾರಿ.